ಕೈಗಾರಿಕಾ ವಿದ್ಯುತ್ ಮಾಪಕಗಳಿಗೆ ಏಕರೂಪದ ಮಾನಕ ಕೋರಿ ಮನವಿ ಪತ್ರ

ಇವರಿಗೆ:
ಮಹಾನಿರ್ದೇಶಕರು,
ಭಾರತೀಯ ಮಾನಕ ಬ್ಯೂರೋ, ನವದೆಹಲಿ
(ಬೆಂಗಳೂರು ಶಾಖಾ ಕಚೇರಿಯ ಮೂಲಕ)

ಇವರಿಂದ:
ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳ ಮಾಲೀಕರು ಮತ್ತು ಎಲೆಕ್ಟ್ರಿಷಿಯನ್‌ಗಳು

ವಿಷಯ: ಪ್ಯಾನೆಲ್ ಮೀಟರ್, ಟಾಂಗ್ ಟೆಸ್ಟರ್ ಮುಂತಾದ ಮಾಪಕಗಳ ಪ್ರಮಾಣೀಕರಣ ಕುರಿತು.

ಮಾನ್ಯರೇ,

ನಮಗೆ ಬಿಲ್ ಹಾಕುವ ಕರೆಂಟ್ ಮೀಟರ್‌ಗೆ ಐ.ಎಸ್. 13779, ಐ.ಎಸ್. 14697ರಂಥ ಮಾನಕಗಳಿವೆ, ಐ.ಎಸ್.ಐ. ಮುದ್ರೆಯಿಲ್ಲದೆ ಅದನ್ನು ಮಾರುವಂತಿಲ್ಲ. ನಮ್ಮ ಪ್ಯಾನೆಲ್ ಬೋರ್ಡಿನ ಆಮ್ಮೀಟರ್, ತಂತಿಯನ್ನು ಕಚ್ಚಿ ಹಿಡಿದು ಕರೆಂಟ್ ಅಳೆಯುವ ಎಲೆಕ್ಟ್ರಿಷಿಯನ್ ಕೈಯ ಟಾಂಗ್ ಟೆಸ್ಟರ್, ಇನ್ಸುಲೇಷನ್ ಅಳೆಯುವ ಮೆಗ್ಗರ್‌ಗಳಿಗೆ ಆ ಬಿಗಿಯಿಲ್ಲ. ಹಣ ಎಣಿಸುವ ಮಾಪಕಕ್ಕಿರುವ ಕಟ್ಟುನಿಟ್ಟು ಮೋಟರನ್ನೂ ಜೀವವನ್ನೂ ಕಾಯುವ ಮಾಪಕಕ್ಕೂ ಬೇಕೆಂಬುದೇ ನಮ್ಮ ಕೋರಿಕೆ.

ಅಗ್ಗದ ಟಾಂಗ್ ಟೆಸ್ಟರ್ ಕರೆಂಟಿನ ಸರಾಸರಿಯನ್ನು ಅಳೆದು, 1.11ರಿಂದ ಗುಣಿಸಿ, ಆರ್.ಎಂ.ಎಸ್. (ಪರಿಣಾಮಕಾರಿ ಮೌಲ್ಯ) ಎಂದು ತೋರಿಸುತ್ತದೆ. ಶುದ್ಧ ಸೈನ್ ಅಲೆಗೆ ಈ ಲೆಕ್ಕ ಸರಿ. ಮೋಟರಿನ ವೇಗ ಬದಲಿಸುವ ವಿ.ಎಫ್.ಡಿ. ಡ್ರೈವ್ ಲೈನಿನಿಂದ ಎಳೆಯುವ ಕರೆಂಟಿನ ಅಲೆ ಹಾಗಿರುವುದಿಲ್ಲ. ಅಲ್ಲಿ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಅದನ್ನು ನಂಬಿ ಕೇಬಲ್ ಎಳೆದರೆ ಕೇಬಲ್ ಬಿಸಿಯಾಗುತ್ತದೆ.

100 ಆಂಪಿಯರ್ ಸ್ಕೇಲಿನ, 1.5 ಕ್ಲಾಸಿನ ಆಮ್ಮೀಟರಿಗೆ 1.5 ಆಂಪಿಯರ್ ವ್ಯತ್ಯಾಸ ಕ್ಷಮ್ಯ; ಲೆಕ್ಕ ಪೂರ್ಣ ಸ್ಕೇಲಿನ ಮೇಲೆ. ಲೋಡು ಬರೀ 10 ಆಂಪಿಯರ್ ಇದ್ದಾಗಲೂ ಅಷ್ಟೇ. ಎಂದರೆ ಶೇ 15. ಪೆಟ್ಟಿಗೆಯ ಮೇಲಿನ ‘ಶೇ 1.5’ ನೋಡಿ ಕೊಂಡವರಿಗೆ ಇದು ಹೊಳೆಯುವುದಿಲ್ಲ.

ಕೆಟ್ಟ ಡಿಜಿಟಲ್ ಮೀಟರಿನ ಜಾಗಕ್ಕೆ ಬೇರೆ ಕಂಪನಿಯದನ್ನು ತಂದರೆ ಬೋರ್ಡಿನ ಅದೇ ಚೌಕದಲ್ಲಿ ಅದು ಸರಿಯಾಗಿ ಕೂರುತ್ತದೆ. ಮಾಡ್‌ಬಸ್ ರಿಜಿಸ್ಟರ್ ವಿಳಾಸಗಳು (ಮೀಟರಿನ ಅಂಕಿಗಳನ್ನು ಕಂಪ್ಯೂಟರ್ ಓದಿಕೊಳ್ಳುವ ಸ್ಥಾನಗಳು) ಮಾತ್ರ ಹೊಂದುವುದಿಲ್ಲ. ಪ್ರೋಗ್ರಾಂ ತಿದ್ದಿಸಲು ಮತ್ತೆ ಖರ್ಚು.

ನಮ್ಮ ಬೇಡಿಕೆಗಳು:

1. ಪ್ಯಾನೆಲ್ ಮೀಟರ್, ಟಾಂಗ್ ಟೆಸ್ಟರ್, ಮಲ್ಟಿಮೀಟರ್, ಮೆಗ್ಗರ್‌ಗಳಿಗೆ ಹಂತಹಂತವಾಗಿ ಪ್ರಮಾಣೀಕರಣ ಕಡ್ಡಾಯವಾಗಲಿ. ಸಣ್ಣ ತಯಾರಕರಿಗೆ ಕಾಲಾವಕಾಶವೂ ಶುಲ್ಕ ರಿಯಾಯಿತಿಯೂ ಇರಲಿ.

2. ಮಾಪಕ ನಿಜ ಆರ್.ಎಂ.ಎಸ್. ಅಳೆಯುವುದೋ ಸರಾಸರಿಯೋ, ದೋಷದ ಶೇಕಡಾವಾರು ಪೂರ್ಣ ಸ್ಕೇಲಿನದೋ ತೋರಿದ ಅಂಕಿಯದೋ ಎಂಬುದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲೂ ಮುದ್ರಿಸಲಿ.

3. ‘ಕ್ಯಾಟ್ 3’, ‘ಕ್ಯಾಟ್ 4’ ಎಂಬ ಸುರಕ್ಷತಾ ದರ್ಜೆಯನ್ನು ಪ್ರಯೋಗಾಲಯದ ಪರೀಕ್ಷೆಯಾಗದೆ ಅಚ್ಚು ಹಾಕುವಂತಿರಬಾರದು. 415 ವೋಲ್ಟ್ ಬೋರ್ಡಿನ ಮುಂದೆ ನಿಂತವನಿಗೆ ಆ ಅಕ್ಷರವೇ ರಕ್ಷೆ.

4. ವೋಲ್ಟೇಜ್, ಕರೆಂಟ್, ಪವರ್ ಫ್ಯಾಕ್ಟರ್, ಯೂನಿಟ್‌ಗಳಿಗೆ ಎಲ್ಲ ಕಂಪನಿಗಳ ಮೀಟರುಗಳಲ್ಲೂ ಒಂದೇ ಮಾಡ್‌ಬಸ್ ರಿಜಿಸ್ಟರ್ ಪಟ್ಟಿ ಗೊತ್ತುಪಡಿಸಬೇಕು.

5. 1960ರಿಂದ ಬೆಂಗಳೂರಿನಲ್ಲಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಹಾಗೂ ಎನ್.ಎ.ಬಿ.ಎಲ್. ಮಾನ್ಯತೆಯ ಪ್ರಯೋಗಾಲಯಗಳಲ್ಲಿ ಸಣ್ಣ ಘಟಕಗಳಿಗೆ ಕೈಗೆಟಕುವ ದರದ ಕ್ಯಾಲಿಬ್ರೇಷನ್ ಸಿಗುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು.

6. ಮಾನಕ ರೂಪಿಸುವ ಸಮಿತಿಯಲ್ಲಿ ಮಾಪಕ ಬಳಸುವ ಎಲೆಕ್ಟ್ರಿಷಿಯನ್‌ಗಳ ಪ್ರತಿನಿಧಿಗೂ ಸ್ಥಾನವಿರಲಿ.

ತಮ್ಮ ಶಾಖಾ ಕಚೇರಿ ನಮ್ಮ ಪೀಣ್ಯದಲ್ಲೇ ಇದೆ. ಸಭೆ ಕರೆದರೆ ನಾವು ಬಳಸುವ ಮಾಪಕಗಳನ್ನೇ ತಂದು, ಒಂದೇ ತಂತಿಗೆ ಹಾಕಿ, ಅವುಗಳ ಅಂಕಿ ಎಷ್ಟೆಷ್ಟು ಬೇರೆಯೆಂದು ತೋರಿಸಲು ಸಿದ್ಧರಿದ್ದೇವೆ.



ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಲಾಗಿದೆ)

ಸ್ಥಳ: ಪೀಣ್ಯ, ಬೆಂಗಳೂರು