ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ



ಈಗ ಕೆಲವು ವರ್ಷಗಳಿಂದ ನಮ್ಮ ಮಾಲೂರು ಸೀಮೆಯಲ್ಲಿ ನಾಲ್ಕು ಜನ ಕಲೆತ ಕಡೆಯಲ್ಲೆಲ್ಲ ಒಂದೇ ಮಾತು ಕೇಳಿಬರುತ್ತದೆ. ಮಾಸ್ತಿಯ ಬಸ್ ನಿಲ್ದಾಣದಲ್ಲಿರಲಿ, ಹಾಲಿನ ಡೈರಿಯ ಮುಂದಿರಲಿ, ಮದುವೆಯ ಊಟದ ಪಂಕ್ತಿಯಲ್ಲಿರಲಿ, ಮಾತು ಮಳೆ ಬೆಳೆಗಳಿಂದ ಆರಂಭವಾಗಿ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ: "ಹೊರಗಿನವರು ಬಂದರು ಮೇಷ್ಟ್ರೇ, ನಮ್ಮ ಹುಡುಗರಿಗೆ ಕೆಲಸವಿಲ್ಲದಂತಾಯಿತು." ಹೊರಗಿನವರೆಂದರೆ ಬಿಹಾರ, ಒಡಿಶಾ, ಬಂಗಾಳ, ಅಸ್ಸಾಂ ಮುಂತಾದ ಕಡೆಗಳಿಂದ ಬಂದು ನಮ್ಮ ಇಟ್ಟಿಗೆ ಗೂಡುಗಳಲ್ಲಿ, ಮಾಲೂರು ಮತ್ತು ನರಸಾಪುರಗಳ ಕೈಗಾರಿಕಾ ಪ್ರದೇಶಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುತ್ತಿರುವವರು. ನಮ್ಮ ಸಕಲ ಕಷ್ಟಗಳಿಗೂ ಇವರೇ ಕಾರಣವೆಂದು ಹೇಳುವವರಿದ್ದಾರೆ. ಇದಕ್ಕೆ ಉತ್ತರವಾಗಿ, "ನಿಮ್ಮ ಹುಡುಗರು ಸೋಮಾರಿಗಳು, ಆದ್ದರಿಂದ ಹೊರಗಿನವರನ್ನು ಕರೆಸುತ್ತೇವೆ" ಎನ್ನುವ ಕಾರ್ಖಾನೆಯವರೂ ಇದ್ದಾರೆ. ಈ ಎರಡು ಮಾತುಗಳೂ ಸುಳ್ಳು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಮೊದಲಿಗೆ ಒಂದು ವಿಷಯವನ್ನು ನೆನಪಿಗೆ ತಂದುಕೊಳ್ಳೋಣ. ಕೋಲಾರ ಸೀಮೆಗೆ ವಲಸೆ ಹೊಸದೇನೂ ಅಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಚಿನ್ನದ ಗಣಿಗಳನ್ನು ಆರಂಭಿಸಿದಾಗ ಭೂಗರ್ಭಕ್ಕೆ ಇಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಮುಂತಾದ ಕಡೆಗಳಿಂದ ಹಸಿವು, ಬರ ಮತ್ತು ಜಾತಿಯ ಕ್ರೌರ್ಯಗಳಿಂದ ತಪ್ಪಿಸಿಕೊಂಡು ಬಂದ ಬಡವರು. ಅವರಲ್ಲಿ ದಲಿತರೇ ಹೆಚ್ಚು. ಅವರ ಬೆವರಿನಿಂದ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ರಾಜಸ್ವ ಬಂದಿತು. ಆ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಏನು ಮಾಡಿದರು? ಬೆಳಗಿನ ಜಾವಕ್ಕೆ ಎದ್ದು ಮಾರಿಕುಪ್ಪಂ ರೈಲನ್ನು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೊರಟರು. ಕರೆತಂದವರು ಲಾಭವನ್ನು ಕೊಂಡೊಯ್ದರು. ಬಂದವರು ಇಲ್ಲಿಯೇ ಉಳಿದರು. ಇದು ನಮ್ಮ ಜಿಲ್ಲೆಯೇ ನಮಗೆ ಕಲಿಸಿರುವ ಪಾಠ.

ಭಾಷೆಯ ವಿಚಾರವೂ ಹಾಗೆಯೇ. ನಮ್ಮೂರಿನ ಹೆಸರನ್ನು ಕನ್ನಡ ನಾಡಿಗೆಲ್ಲ ಮನೆಮಾತಾಗಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1983ರಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ದೊರೆತಾಗ ನಾವೆಲ್ಲರೂ ಎದೆಯುಬ್ಬಿಸಿ ಮೆರೆದೆವು. ಆಗ ಅವರನ್ನು ಹೊರಗಿನವರೆಂದವರಿಲ್ಲ. ವರಕವಿ ಬೇಂದ್ರೆಯವರ ಮನೆಮಾತು ಮರಾಠಿ. ಈ ಗಡಿಸೀಮೆಯಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಎಂಬುದು ಸಾಮಾನ್ಯ ಸಂಗತಿ. ನನ್ನ ತರಗತಿಗಳಲ್ಲಿ ಕನ್ನಡದಲ್ಲಿ ಉತ್ತಮ ಪ್ರಬಂಧ ಬರೆಯುತ್ತಿದ್ದ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುತ್ತಿದ್ದವರು. ಅವರನ್ನು ಕನ್ನಡಿಗರನ್ನಾಗಿಸಿದ್ದು ಬೈಗುಳವಲ್ಲ, ಶಾಲೆ.

ಇನ್ನು ಕಾರಣಗಳನ್ನು ನೋಡೋಣ. ಜನ ತಮ್ಮ ಹುಟ್ಟೂರನ್ನು ಮೋಜಿಗಾಗಿ ಬಿಟ್ಟು ಬರುವುದಿಲ್ಲ. ಬಿಹಾರದ ತಲಾ ಆದಾಯ ಕರ್ನಾಟಕದ ತಲಾ ಆದಾಯದ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ 3 ಮಕ್ಕಳು, ಕರ್ನಾಟಕದಲ್ಲಿ 1.7. ಒಂದು ಕಡೆ ತುಂಡು ಭೂಮಿ, ದುಡಿಯುವ ಕೈಗಳು ಹೆಚ್ಚು. ಇನ್ನೊಂದು ಕಡೆ ಕಾರ್ಖಾನೆಗಳು, ದುಡಿಯುವ ಕೈಗಳು ಕಡಿಮೆ. ನೀರು ತಗ್ಗಿನ ಕಡೆಗೆ ಹರಿಯುವಂತೆ ಜನ ಕೂಲಿಯ ಕಡೆಗೆ ಹರಿಯುತ್ತಾರೆ. ನಮ್ಮವರೇನು ಕಡಿಮೆಯೇ? ಕರಾವಳಿಯ ಕನ್ನಡಿಗರು, ತುಳುವರು ಹೋಟೆಲು ಕಟ್ಟಲು ಮುಂಬಯಿಗೆ ಹೋದರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಅಲ್ಲಿ ದಕ್ಷಿಣದವರನ್ನು ಓಡಿಸಿರೆಂಬ ಘೋಷಣೆಗಳು ಮೊಳಗಿದವು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಅನಂತರ ನಮ್ಮವರು ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಕತಾರ್, ಸಂಯುಕ್ತ ಅರಬ್ ಸಂಸ್ಥಾನಗಳಂತಹ ಪುಟ್ಟ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನಿಂದ ಬಂದವರೇ. ಅಲ್ಲಿ ನಮ್ಮ ಹುಡುಗನ ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಂಡರೆ ನಾವು ಕಣ್ಣೀರು ಹಾಕುತ್ತೇವೆ. ಇಲ್ಲಿ ಒಡಿಶಾದ ಹುಡುಗನ ಆಧಾರ್ ಚೀಟಿಯನ್ನು ಮೇಸ್ತ್ರಿ ಕಿತ್ತಿಟ್ಟುಕೊಂಡರೆ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಪರಿಣಾಮಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಆತ್ಮವಂಚನೆಯಾದೀತು. ದುಡಿಯುವವರು ಹೆಚ್ಚಾದಾಗ ಕೂಲಿ ಏರುವುದು ನಿಧಾನವಾಗುತ್ತದೆ. ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳಲ್ಲಿ ಬಾಡಿಗೆ ಏರಿದೆ. ಮೊದಲೇ ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು, ಸಾವಿರ ಅಡಿ ಮೀರಿ ಕೊಳವೆಬಾವಿ ಕೊರೆದರೂ ಧೂಳು ಬಂದ ಉದಾಹರಣೆಗಳು ಊರಿಗೆ ಹತ್ತು ಇವೆ. ಇಂತಹ ಕಡೆ ಜನ ಹೆಚ್ಚಿದರೆ ನೀರಿಗೆ ಕಷ್ಟವೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕಲ್ಲವೇ? ಹೊಲದ ಅಂಚಿನಲ್ಲಿ ಸಾಲಾಗಿ ಹತ್ತು ಕೋಣೆಗಳನ್ನು ಕಟ್ಟಿಸಿ, ಒಂದೊಂದರಲ್ಲಿ ಐದಾರು ಜನರನ್ನು ತುಂಬಿ, ತಿಂಗಳು ತಿಂಗಳಿಗೂ ಬಾಡಿಗೆ ಎಣಿಸಿಕೊಳ್ಳುವವರು ಯಾರು? ನಮ್ಮ ಊರಿನವರೇ. ಅವರಿಗೆ ಅಕ್ಕಿ, ಎಣ್ಣೆ, ಮೊಬೈಲ್ ಕರೆನ್ಸಿ ಮಾರಿ ಅಂಗಡಿ ಬೆಳೆಸಿಕೊಂಡವರು ಯಾರು? ನಮ್ಮ ಊರಿನವರೇ. ಹಗಲು ಬಾಡಿಗೆ ಪಡೆದು ಸಂಜೆ ಅರಳೀಕಟ್ಟೆಯ ಮೇಲೆ ಕುಳಿತು "ಇವರಿಂದ ಊರು ಕೆಟ್ಟಿತು" ಎನ್ನುವುದು ಯಾವ ನ್ಯಾಯ?

ಈಗ ಕಾರ್ಖಾನೆಯವರ ಮಾತಿಗೆ ಬರುತ್ತೇನೆ. ನಮ್ಮ ಹುಡುಗರು ಸೋಮಾರಿಗಳೆಂಬ ಮಾತನ್ನು ನಾನು ಒಪ್ಪಲಾರೆ. ನಾಲ್ಕು ಗಂಟೆಗೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಟೊಮ್ಯಾಟೊ ಕ್ರೇಟು ಹೊತ್ತು, ಆಮೇಲೆ ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ಪಾಠ ಹೇಳಿದವನು ನಾನು. ಹೊರಗಿನವನನ್ನು ಕರೆಸುವ ನಿಜವಾದ ಕಾರಣ ಬೇರೆ. ಊರಿನ ಹುಡುಗನಿಗೆ ಮನೆಯಿದೆ, ಬಂಧುಗಳಿದ್ದಾರೆ, ಪರಿಚಯದ ಗ್ರಾಮ ಪಂಚಾಯಿತಿ ಸದಸ್ಯನಿದ್ದಾನೆ. ಅನ್ಯಾಯವಾದರೆ ಕೇಳುತ್ತಾನೆ, ಸರಿಹೋಗದಿದ್ದರೆ ಬಿಟ್ಟು ಮನೆಗೆ ಹೋಗುತ್ತಾನೆ. ಸಾವಿರಾರು ಕಿಲೋಮೀಟರು ದಾಟಿ ಬಂದವನು ಎಲ್ಲಿಗೆ ಹೋದಾನು? ಮುಂಗಡದ ಹಣ ಊರಿನಲ್ಲಿ ಆಗಲೇ ಖರ್ಚಾಗಿದೆ, ಭಾಷೆ ಬಾರದು, ಮಲಗುವ ಶೆಡ್ಡೂ ಮಾಲೀಕನದೇ. ಹನ್ನೆರಡು ಗಂಟೆ ದುಡಿ ಎಂದರೆ ದುಡಿಯುತ್ತಾನೆ. ಕಾರ್ಖಾನೆಯವರು ಮೆಚ್ಚುವುದು ಅವನ ಶ್ರಮವನ್ನಲ್ಲ, ಅವನ ನಿಸ್ಸಹಾಯಕತೆಯನ್ನು.

ಈ ಗುತ್ತಿಗೆ ಪದ್ಧತಿ ಊರಿನವರನ್ನೇನಾದರೂ ಬಿಟ್ಟಿದೆಯೇ? 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಯನ್ನು ನೆನೆಯಿರಿ. ಗಾಜು ಒಡೆಯುವುದನ್ನು, ಬೆಂಕಿ ಹಚ್ಚುವುದನ್ನು ನಾನು ಸಮರ್ಥಿಸುವವನಲ್ಲ. ಆದರೆ ಅಲ್ಲಿದ್ದ ಕಾರ್ಮಿಕರಲ್ಲಿ ಬಹುಪಾಲು ಗುತ್ತಿಗೆ ಸಂಸ್ಥೆಗಳ ಮೂಲಕ ಸೇರಿಕೊಂಡವರು, ಅನೇಕರು ನಮ್ಮ ನಾಡಿನ ಓದಿದ ಯುವಕರು. ದೂರು ಇದ್ದದ್ದು ಸಂಬಳ ಮತ್ತು ದುಡಿಮೆಯ ಗಂಟೆಗಳ ಬಗ್ಗೆ. ಕೆಲವರಿಗೆ ಸರಿಯಾಗಿ ಸಂಬಳ ಪಾವತಿಯಾಗಿರಲಿಲ್ಲವೆಂದು ಕಂಪನಿಯೇ ಅನಂತರ ಒಪ್ಪಿಕೊಂಡಿತು. ಅಲ್ಲಿ ಯಾವ ಬಿಹಾರಿಯೂ ನಮ್ಮ ಹುಡುಗರ ಸಂಬಳವನ್ನು ಕದ್ದಿರಲಿಲ್ಲ. ರೋಗ ಇರುವುದು ಗುತ್ತಿಗೆಯಲ್ಲಿ. ನಾವು ಬರೆ ಹಾಕುತ್ತಿರುವುದು ಮಾತ್ರ ವಲಸಿಗನಿಗೆ.

"ಹಾಗಾದರೆ ಸ್ಥಳೀಯರಿಗೆ ಮೀಸಲಾತಿ ಬೇಡವೇ?" ಎಂದು ಕೆಲವರು ಕೇಳಬಹುದು. ಸರೋಜಿನಿ ಮಹಿಷಿಯವರ ವರದಿ ಸರ್ಕಾರದ ಕೈಸೇರಿದ್ದು 1986ರಲ್ಲಿ. ಆ ಹೆಸರು ಹೇಳಿ ಎಷ್ಟು ಚುನಾವಣೆಗಳು ಕಳೆದುಹೋದವು! 2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ನೀಡಿತು. ಉದ್ಯಮಿಗಳು ಗದ್ದಲವೆಬ್ಬಿಸಿದರು. 17ರಂದು ಅದನ್ನು ತಡೆಹಿಡಿಯಲಾಯಿತು. ಎರಡೇ ದಿನದ ಸಂಭ್ರಮ! ಹರಿಯಾಣದ ಇಂತಹುದೇ ಕಾನೂನನ್ನು 2023ರ ನವೆಂಬರಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ರದ್ದುಪಡಿಸಿದ್ದು ಸರ್ಕಾರಕ್ಕೆ ತಿಳಿಯದ ವಿಷಯವೇನಲ್ಲ. ಭಾರತದ ಯಾವ ಭಾಗದಲ್ಲಾದರೂ ನೆಲೆಸುವ, ಯಾವ ಉದ್ಯೋಗವನ್ನಾದರೂ ಮಾಡುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಕಾರ್ಖಾನೆಗಾಗಿ ಹೊಲ ಕಳೆದುಕೊಂಡ ಕುಟುಂಬಕ್ಕೆ ಆ ಕಾರ್ಖಾನೆಯಲ್ಲಿ ಕಾಯಂ ಕೆಲಸ ಕೊಡಲೇಬೇಕು, ಅದು ಭಿಕ್ಷೆಯಲ್ಲ, ಋಣ. ಆದರೆ ಗುತ್ತಿಗೆಯ ಕೆಲಸದಲ್ಲಿ ಶೇ. 70 ಪಾಲು ದೊರೆತರೆ ದೊರೆಯುವುದೇನು? ಹನ್ನೊಂದು ತಿಂಗಳ ಕೆಲಸ, ಹನ್ನೆರಡನೆಯ ತಿಂಗಳಲ್ಲಿ ಮನೆ. ಅಂತಹ ಕೆಲಸದಲ್ಲಿ ಪಾಲು ಕೇಳುವುದಕ್ಕಿಂತ ಕೆಲಸವನ್ನೇ ಕೆಲಸವಾಗಿಸಿರೆಂದು ಕೇಳುವುದು ವಿವೇಕ.

ವಲಸಿಗರ ಮೇಲಿನ ನಮ್ಮ ಸಿಟ್ಟು ಎಷ್ಟು ಟೊಳ್ಳೆಂಬುದು 2020ರ ಮೇ ತಿಂಗಳಲ್ಲಿ ಬಯಲಾಯಿತು. ಲಾಕ್‌ಡೌನ್ ಕಾಲದಲ್ಲಿ ಅವರು "ನಮ್ಮನ್ನು ಊರಿಗೆ ಕಳಿಸಿಕೊಡಿ" ಎಂದು ಅಂಗಲಾಚಿದರು. ಹೊರಗಿನವರು ಹೋಗಲಿ ಎನ್ನುವುದೇ ನಮ್ಮ ಇಷ್ಟವಾಗಿದ್ದರೆ ಸಂತೋಷದಿಂದ ಕಳಿಸಬೇಕಿತ್ತು. ಆದರೆ ಕಟ್ಟಡ ಉದ್ಯಮಿಗಳೊಡನೆ ಮಾತುಕತೆಯಾದ ಮೇಲೆ ರಾಜ್ಯ ಸರ್ಕಾರ ಅವರಿಗಾಗಿ ಗೊತ್ತುಪಡಿಸಿದ್ದ ರೈಲುಗಳನ್ನೇ ರದ್ದುಮಾಡಿತು. ದೇಶವೆಲ್ಲ ಛೀ ಎಂದ ಮೇಲೆ ಮತ್ತೆ ಬಿಟ್ಟಿತು. ಬರುವಾಗ ಬೇಡ, ಹೋಗುವಾಗ ಬಿಡೆವು! ಮನುಷ್ಯನನ್ನು ಕೈಗಳಾಗಿ ಮಾತ್ರ ಕಾಣುವವರ ನೀತಿ ಇದು.

ಉಪಾಧ್ಯಾಯನಾಗಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುವುದು ಇಟ್ಟಿಗೆ ಗೂಡಿನ ಮಕ್ಕಳ ಸ್ಥಿತಿ. ಗೂಡಿನ ಕೆಲಸ ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಮತ್ತೆ ಮಳೆ ಹಿಡಿಯುವವರೆಗೆ ನಡೆಯುತ್ತದೆ. ಶಾಲೆಯ ವರ್ಷ ಜೂನ್ ಹೊತ್ತಿಗೆ ಆರಂಭವಾಗುತ್ತದೆ. ತಂದೆತಾಯಿಗಳೊಡನೆ ಬಂದ ಮಗು ಅಲ್ಲಿಯ ಶಾಲೆಯನ್ನು ನಡುವೆ ಬಿಡುತ್ತದೆ, ಇಲ್ಲಿಯ ಶಾಲೆಗೆ ನಡುವೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಎರಡು ರಾಜ್ಯಗಳ ಹಾಜರಿ ಪುಸ್ತಕಗಳ ನಡುವೆ ಆ ಮಗುವಿನ ಹೆಸರು ಕಳೆದುಹೋಗುತ್ತದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ನೀಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸುತ್ತದೆ. ಟೆಂಟ್ ಶಾಲೆಯೆಂಬ ಯೋಜನೆ ನಮ್ಮ ರಾಜ್ಯದಲ್ಲೇ ಇದೆ. ಒಮ್ಮೆ ಅಂತಹ ಒಬ್ಬ ಒಡಿಯಾ ಹುಡುಗ ಮೂರೇ ತಿಂಗಳಲ್ಲಿ ಕಾಗುಣಿತ ಕಲಿತು ಕಪ್ಪುಹಲಗೆಯ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಳೆ ಬಂತು, ಅವನು ಹೋದ. ಮುಂದಿನ ವರ್ಷ ಬೇರೆ ಯಾವ ಊರಿನ ಗೂಡಿಗೆ ಹೋದನೋ! ಇಂತಹ ಮಗುವಿಗೆ ಕನ್ನಡ ಕಲಿಸದೆ ಬಿಟ್ಟು, ಅವನು ದೊಡ್ಡವನಾಗಿ ಬಂದಾಗ "ಇವನಿಗೆ ಕನ್ನಡ ಬಾರದು" ಎಂದು ರೇಗುವುದು ಕುಣಿಯಲಾರದವಳು ನೆಲ ಡೊಂಕೆಂದ ಹಾಗೆಯೇ ಸರಿ.

ಹಾಗಾದರೆ ನಾವು ಏನನ್ನು ಒತ್ತಾಯಿಸಬೇಕು? ಮೊದಲನೆಯದು, ಪ್ರತಿಯೊಬ್ಬ ವಲಸೆ ಕಾರ್ಮಿಕನ ಹೆಸರು ದಾಖಲಾಗಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಐದು ಮಂದಿ ಇದ್ದ ಕಡೆಗೂ ಅನ್ವಯಿಸುತ್ತಿತ್ತು. ಅದರ ಸ್ಥಾನಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಆ ಮಿತಿಯನ್ನು ಹತ್ತಕ್ಕೆ ಏರಿಸಿದೆ. ಸಣ್ಣ ಗುತ್ತಿಗೆದಾರನಿಗೆ ನುಣುಚಿಕೊಳ್ಳಲು ಇದೊಂದು ಕಿಂಡಿ. ಎರಡನೆಯದು, ಒಂದೇ ಕೆಲಸಕ್ಕೆ ಒಂದೇ ಕೂಲಿ. ಭವಿಷ್ಯನಿಧಿ, ಇ.ಎಸ್.ಐ., ಎಂಟು ಗಂಟೆಯ ಪಾಳಿ ಇವು ಹೊರಗಿನವನಿಗೂ ಕಡ್ಡಾಯವಾದ ದಿನ, ಅವನನ್ನು ಅಗ್ಗವೆಂದು ಕರೆತರುವ ಆಸೆ ತಾನಾಗಿ ಇಳಿಯುತ್ತದೆ. ಆಗ ನಮ್ಮ ಹುಡುಗನಿಗೂ ಬಾಗಿಲು ತೆರೆಯುತ್ತದೆ. ವಲಸಿಗನ ಹಕ್ಕಿಗಾಗಿ ಹೋರಾಡುವುದು ಸ್ಥಳೀಯನ ಕೆಲಸಕ್ಕಾಗಿ ಹೋರಾಡುವುದೇ ಆಗಿದೆ. ಮೂರನೆಯದು, ಗೂಡಿನ ಬಳಿ ಕನ್ನಡ ಶಾಲೆ, ಕಾರ್ಖಾನೆಯಲ್ಲಿ ಕೆಲಸದ ವೇಳೆಯಲ್ಲಿಯೇ ಕನ್ನಡ ತರಗತಿ, ಅದರ ಖರ್ಚು ಮಾಲೀಕರದು. ನಾವೂ ಅವರೊಡನೆ ಹರಕುಮುರುಕು ಹಿಂದಿಯಲ್ಲಿ ಮಾತನಾಡುವುದನ್ನು ಬಿಟ್ಟು ಕನ್ನಡದಲ್ಲಿ ಮಾತನಾಡಬೇಕು.

"ಮೇಷ್ಟ್ರೇ, ಇವೆಲ್ಲ ಪುಸ್ತಕದ ಮಾತು" ಎನ್ನುವವರಿಗೆ ನನ್ನದೊಂದು ಪ್ರಶ್ನೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ತುಂಬಿಕೊಂಡು ಓಡಿದರಲ್ಲ, ಅದರಿಂದ ಕನ್ನಡದ ಯಾವ ಹುಡುಗನಿಗೆ ಕಾಯಂ ಕೆಲಸ ಸಿಕ್ಕಿತು? ಭಯದಿಂದ ಖಾಲಿಯಾದ ಜಾಗಕ್ಕೆ ಗುತ್ತಿಗೆದಾರನು ಇನ್ನಷ್ಟು ಬಡ ಜಿಲ್ಲೆಯಿಂದ, ಇನ್ನಷ್ಟು ಹಸಿದ ಮನುಷ್ಯನನ್ನು ತರುತ್ತಾನೆ, ಅಷ್ಟೇ. ನಮ್ಮ ಕೂಗು ತಾಲೂಕು ಕಚೇರಿಯ ಮುಂದೆ, ಕಾರ್ಮಿಕ ಇಲಾಖೆಯ ಮುಂದೆ, ಕಾರ್ಖಾನೆಯ ಗೇಟಿನ ಮುಂದೆ ಏಳಲಿ. ಶೆಡ್ಡಿನಲ್ಲಿ ಮಲಗಿರುವ ದಣಿದ ಮನುಷ್ಯನ ಬಾಗಿಲ ಮುಂದೆ ಕೂಗುವುದರಲ್ಲಿ ಶೌರ್ಯವಿಲ್ಲ, ಕನ್ನಡದ ಅಭಿಮಾನವೂ ಇಲ್ಲ.