ಜೀವನಕ್ಕೆ ವಿಷವೆಂಬ ಹೆಸರು

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಕನ್ನಡ ಪಂಡಿತನಾದ ನಾನು ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದರೆ ಅದು ಸಹಜವೇ. ಆದರೆ ನಾನು ಆರಿಸಿಕೊಂಡಿರುವುದು ಹೊಳೆಯ ಮೀನನ್ನು. ಇದು ವಿಜ್ಞಾನದ ಅಧ್ಯಾಪಕರ ಕ್ಷೇತ್ರವಲ್ಲವೇ ಎಂದು ಯಾರಾದರೂ ಆಕ್ಷೇಪಿಸಿದರೆ, ಆ ಅಧ್ಯಾಪಕರಿಂದಲೇ ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆಂದು ವಿನಯದಿಂದ ಅರಿಕೆ ಮಾಡುತ್ತೇನೆ. ಪ್ರವೇಶ ಮಾತ್ರ ನನ್ನ ಶಾಸ್ತ್ರದ ಬಾಗಿಲಿನಿಂದಲೇ.

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ನೀರಿನ ಪರ್ಯಾಯ ಪದಗಳು ನೆನಪಿರುತ್ತವೆ. ಅಮೃತವೆಂಬುದು ಅವುಗಳಲ್ಲೊಂದು, ಜೀವನವೆಂಬುದು ಮತ್ತೊಂದು. ಸಂಸ್ಕೃತ ನಿಘಂಟುಗಳು ನೀರಿಗೆ ಇನ್ನೊಂದು ಹೆಸರನ್ನೂ ಹೇಳುತ್ತವೆ; ಅದು ವಿಷ. ಗರಳಕ್ಕೂ ಜಲಕ್ಕೂ ಒಂದೇ ಶಬ್ದವಿರುವುದನ್ನು ಕಂಡು ಕವಿಗಳು ಶ್ಲೇಷೆಯ ಚಮತ್ಕಾರಗಳನ್ನು ಹೆಣೆದರು. ನಾನೂ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಶ್ಲೇಷಾಲಂಕಾರಕ್ಕೆ ಇದೇ ಉದಾಹರಣೆಯನ್ನು ಕೊಡುತ್ತ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಿನ ಒಂದು ಬೆಳಗ್ಗೆ, ಒಂಬತ್ತನೆಯ ತರಗತಿಯಲ್ಲಿ ಈ ಪಾಠವೇ ನಡೆಯುತ್ತಿತ್ತು. ವಿದ್ಯಾರ್ಥಿನಿಲಯದ ಹುಡುಗನೊಬ್ಬ ತಡವಾಗಿ ಬಂದು ಬಾಗಿಲಲ್ಲಿ ನಿಂತು, "ಗುರುಗಳೇ, ಹಳ್ಳದಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲ್ತಾ ಇವೆ" ಎಂದ. "ನಾವು ಮೀನು ತಿನ್ನುವವರಲ್ಲ, ನಮಗೇಕಪ್ಪ ಆ ಚಿಂತೆ? ಹೋಗಿ ಕೂತುಕೋ" ಎಂದೆ. ತರಗತಿ ನಕ್ಕಿತು, ಪಾಠ ಮುಂದುವರಿಯಿತು.

ಸಂಜೆ ಮನಸ್ಸು ತಡೆಯದೆ ಹಳ್ಳದ ಬಳಿಗೆ ಹೋದೆ. ನೀರು ಕಂದುಬಣ್ಣಕ್ಕೆ ತಿರುಗಿತ್ತು. ಹುಳಿತ ಗಂಜಿಯಂತಹ ನಾತ. ಬೆರಳುದ್ದದ ಮೀನುಗಳು ದಡದ ಕಸದೊಡನೆ ಸೇರಿಕೊಂಡಿದ್ದವು. ಏಡಿಗಳು ನೀರನ್ನು ಬಿಟ್ಟು ಬಂಡೆಗಳ ಮೇಲೇರಿ ಕುಳಿತಿದ್ದವು. ಜಲಚರವು ಜಲವನ್ನೇ ತೊರೆದು ಪ್ರಾಣ ಉಳಿಸಿಕೊಳ್ಳಲು ಯತ್ನಿಸುತ್ತಿದ್ದ ಆ ನೋಟ ಇಂದಿಗೂ ನನ್ನ ಕಣ್ಣಿನಿಂದ ಮರೆಯಾಗಿಲ್ಲ. ಮೇಲಿನ ತೋಟ ಯಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಹೆಸರು ನಮ್ಮ ಸಭಾಭವನದ ದಾನಿಗಳ ಫಲಕದಲ್ಲಿಯೂ ಇತ್ತು. ನಾನು ಸುಮ್ಮನಾದೆ. ಆ ಮೌನದ ಋಣವನ್ನು ಕಿಂಚಿತ್ತಾದರೂ ತೀರಿಸಲು ಈ ಲೇಖನ.

ನಮ್ಮ ಸಕಲೇಶಪುರ, ಆಲೂರು ಸೀಮೆ ನೀರಿನ ತವರು. ಬಲ್ಲಾಳರಾಯನದುರ್ಗದ ಬಳಿ ಹುಟ್ಟಿದ ಹೇಮಾವತಿ ಈ ಬೆಟ್ಟಗಳ ನೂರಾರು ಹಳ್ಳಗಳನ್ನು ಕೂಡಿಸಿಕೊಂಡು ಗೊರೂರಿನ ಜಲಾಶಯಕ್ಕೆ ಸೇರಿ, ಅಲ್ಲಿಂದ ಕಾವೇರಿಯನ್ನು ಕೂಡುತ್ತದೆ. ಅತ್ತ ಎತ್ತಿನಹೊಳೆ ಮೊದಲಾದ ತೊರೆಗಳು ಘಟ್ಟವಿಳಿದು ಕುಮಾರಧಾರೆ ನೇತ್ರಾವತಿಗಳತ್ತ ಹರಿಯುವಂಥವು. ಅಂದರೆ ನಮ್ಮ ಮನೆಯ ಹಿಂದಿನ ಹಳ್ಳಕ್ಕೆ ನಾವು ಸುರಿದದ್ದು ಪೂರ್ವದ ಬಯಲಿಗೂ ಹೋಗಬಹುದು, ಪಶ್ಚಿಮದ ಕಡಲಿಗೂ ಹೋಗಬಹುದು. ನೀರಿನ ಮೂಲದಲ್ಲಿ ವಾಸಿಸುವವರ ಹೊಣೆ ಎಲ್ಲರಿಗಿಂತ ಹಿರಿದು.

ಇದೇ ಬೆಟ್ಟಗಳು ಕಾಫಿಯ ತವರೂ ಹೌದು. ನವೆಂಬರಿನಿಂದ ಮಾರ್ಚಿಯವರೆಗೆ ಕುಯ್ಲು. ಹಣ್ಣನ್ನು ಸಿಪ್ಪೆಸಹಿತ ಒಣಗಿಸಿದರೆ ಚೆರ್ರಿ; ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆಯನ್ನು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಎರಡನೆಯದಕ್ಕೆ ಒಳ್ಳೆಯ ಬೆಲೆ. ಆದರೆ ಅದಕ್ಕೆ ಹೇರಳವಾಗಿ ನೀರು ಬೇಕು. ಆ ನೀರು ಹೊರಬರುವಾಗ ಸಕ್ಕರೆ, ಪೆಕ್ಟಿನ್, ಹುಳಿಗಳನ್ನು ಹೊತ್ತು ಬರುತ್ತದೆ. ಅದರಲ್ಲಿ ಕೃತಕ ವಿಷವೇನೂ ಇಲ್ಲ, ಹಣ್ಣಿನ ರಸವಷ್ಟೆ. ಆದುದರಿಂದಲೇ ನಿರಪಾಯವೆಂಬ ಭ್ರಾಂತಿ ನಮ್ಮಲ್ಲಿ ಬೇರೂರಿದೆ.

ವಿಜ್ಞಾನಿಗಳ ವಿವರಣೆ ಹೀಗಿದೆ. ಒಂದು ಲೀಟರ್ ತಿಳಿನೀರಿನಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. ಮೀನು ಕಿವಿರುಗಳಿಂದ ಉಸಿರಾಡುವುದು ಈ ಅಲ್ಪ ನಿಧಿಯನ್ನೇ. ಹಣ್ಣಿನ ರಸ ಹಳ್ಳಕ್ಕೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಅದನ್ನು ಉಂಡು ಬೆಳೆಯುತ್ತವೆ. ಬೆಳೆಯುತ್ತ ಆಮ್ಲಜನಕವನ್ನು ಹೀರುತ್ತವೆ. ಹೀಗೆ ಹೀರಲ್ಪಡುವ ಪ್ರಮಾಣಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಹೆಸರು. ಸ್ನಾನಯೋಗ್ಯವಾದ ಹೊಳೆಯಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಊರಿನ ಚರಂಡಿಯ ನೀರಿನಲ್ಲಿ ಇದು ನೂರರ ಲೆಕ್ಕದಲ್ಲಿರುತ್ತದೆ. ಪಲ್ಪರಿನಿಂದ ಹೊರಬರುವ ನೀರಿನಲ್ಲಾದರೋ ಸಾವಿರಗಳ ಲೆಕ್ಕದಲ್ಲಿ. ಕರಗಿದ ಆಮ್ಲಜನಕ 3 ಮಿಲಿಗ್ರಾಮಿಗೆ ಇಳಿದರೆ ಅನೇಕ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ. 2ಕ್ಕಿಂತ ಕೆಳಗಿಳಿದರೆ ಬಹುಪಾಲು ಸಾಯುತ್ತವೆ. ಇದಕ್ಕೆ ಮೇಲಾಗಿ ಕುಯ್ಲಿನ ಕಾಲವೇ ಹಳ್ಳಗಳು ಬಡವಾಗುವ ಕಾಲ. ರಸವನ್ನು ತೆಳುವಾಗಿಸಲು ಮಳೆಗಾಲದ ಪ್ರವಾಹವಿರುವುದಿಲ್ಲ. ರಾತ್ರಿ ಜಲಸಸ್ಯಗಳು ಆಮ್ಲಜನಕವನ್ನು ಉತ್ಪಾದಿಸದೆ ತಾವೂ ಉಸಿರಾಡುವುದರಿಂದ ಮುಂಜಾವಿನಲ್ಲಿ ಕೊರತೆ ಪರಾಕಾಷ್ಠೆಗೇರುತ್ತದೆ. ನಮ್ಮ ಹುಡುಗ ಬೆಳಗ್ಗೆಯೇ ಆ ದೃಶ್ಯವನ್ನು ಕಂಡದ್ದು ಆಕಸ್ಮಿಕವಲ್ಲ.

"ಹಳ್ಳದಲ್ಲಿ ಇನ್ನೂ ಮೀನಿದೆಯಲ್ಲ" ಎಂದು ಕೆಲವರು ಹೇಳುವುದುಂಟು. ಇದ್ದರೆ ಅದು ಬಹುಮಟ್ಟಿಗೆ ಮುರುಗೋಡು. ಅದು ಮೇಲೆ ಬಂದು ಗಾಳಿಯನ್ನೇ ಸೇವಿಸಬಲ್ಲ ಜಾತಿ. ಅದು ಬದುಕಿದೆಯೆಂದ ಮಾತ್ರಕ್ಕೆ ಹಳ್ಳ ಬದುಕಿದೆಯೆಂದು ತಿಳಿಯಲಾಗದು. ಕಲ್ಲನ್ನು ಮಗುಚಿ ನೋಡಿದರೆ ನಿಜ ತಿಳಿಯುತ್ತದೆ. ಶುದ್ಧವಾದ ಹಳ್ಳದಲ್ಲಿ ಕಲ್ಲಿನಡಿ ನಾನಾ ಬಗೆಯ ಕೀಟಗಳ ಮರಿಗಳಿರುತ್ತವೆ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಹುಳುವಿನ ಬಾಲ್ಯವೂ ನೀರಿನಲ್ಲಿಯೇ. ಅವನ್ನು ಮೀನು ತಿನ್ನುತ್ತದೆ. ಮೀನನ್ನೂ ಏಡಿಯನ್ನೂ ನೀರುನಾಯಿ ತಿನ್ನುತ್ತದೆ. ಮಿಂಚುಳ್ಳಿ ಕಾದು ಕುಳಿತಿರುತ್ತದೆ. ಮೊದಲ ಕೊಂಡಿ ಕಳಚಿದರೆ ಸರಪಣಿಯೇ ಕಳಚುತ್ತದೆ. ನೀರುನಾಯಿಗೆ ಯಾರೂ ಕೇಡು ಮಾಡದಿದ್ದರೂ ಅದು ಹಸಿವಿನಿಂದಲೇ ಊರು ಬಿಡುತ್ತದೆ.

ಇನ್ನು ಔಷಧಿ ಸಿಂಪಡಣೆಯ ವಿಷಯ. ಎಲೆತುಕ್ಕು ರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ಮಿಶ್ರಣವನ್ನು ತಲೆಮಾರುಗಳಿಂದ ಸಿಂಪಡಿಸುತ್ತ ಬಂದಿದ್ದೇವೆ. ಸುಣ್ಣ ಬೆರೆತಾಗ ಅದರ ಉಗ್ರತೆ ಕುಗ್ಗುವುದು ನಿಜ. ಆದರೆ ಪೀಪಾಯಿ ತೊಳೆದ ನೀರು ನೇರವಾಗಿ ಹಳ್ಳಕ್ಕೆ ಹೋಗುತ್ತದೆ. ತಾಮ್ರವು ಮೀನಿನ ಕಿವಿರನ್ನು ಕೆಡಿಸುತ್ತದೆ. ಕೊಲ್ಲದಷ್ಟು ಅಲ್ಪ ಪ್ರಮಾಣದಲ್ಲಿಯೂ ಅದರ ಘ್ರಾಣಶಕ್ತಿಯನ್ನು ಕುಂದಿಸುತ್ತದೆ. ಸುಣ್ಣದಂಶ ಕಡಿಮೆಯಿರುವ ಮೆದುನೀರಿನಲ್ಲಿ ತಾಮ್ರದ ವಿಷ ಇನ್ನೂ ತೀಕ್ಷ್ಣ; ನಮ್ಮ ಮಲೆನಾಡ ಹಳ್ಳಗಳದು ಮೆದುನೀರೇ. ಮುಂಗಾರಿಗೆ ಮುಂಚಿನ ಸಿಂಪಡಣೆ ಮುಗಿಯುತ್ತಿದ್ದಂತೆ ಮೊದಲ ಹೊಸನೀರು ಬರುತ್ತದೆ. ಆಗಲೇ ಹತ್ತುಮೀನು ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಗದ್ದೆ ತೋಡುಗಳಿಗೆ ಏರುತ್ತದೆ. ಮೊಟ್ಟೆ ಮರಿಗಳು ಅತ್ಯಂತ ಸುಕುಮಾರವಾಗಿರುವ ಘಳಿಗೆಯಲ್ಲಿಯೇ ತೋಟ ತೊಳೆದ ನೀರು ಅವುಗಳನ್ನು ಮುಟ್ಟುತ್ತದೆ. ಎಂಡೋಸಲ್ಫಾನ್ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನನ್ನು ಕೊಲ್ಲುವಂಥದು. ಕಾಸರಗೋಡಿನ ಗೇರುತೋಟಗಳ ಜನರ ಗೋಳು ಲೋಕಕ್ಕೆಲ್ಲ ತಿಳಿದ ಮೇಲೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು. ಜಪಾನಿನ ಮಿನಮಾಟದಲ್ಲಿ ಪಾದರಸ ಮೊದಲು ಮೀನನ್ನು ಸೇರಿ, ಬೆಕ್ಕುಗಳನ್ನು ಹುಚ್ಚೆಬ್ಬಿಸಿ, ಕೊನೆಗೆ ಮನುಷ್ಯರನ್ನು ಹಿಡಿದದ್ದು 1956ರಲ್ಲಿ ಬೆಳಕಿಗೆ ಬಂತು. ಮೀನಿನ ಮರಣ ಮನುಷ್ಯನಿಗೆ ಬಂದ ಮೊದಲ ಓಲೆ. ಓದದೆ ಮಡಿಸಿಟ್ಟರೆ ಎರಡನೆಯ ಓಲೆ ನಮ್ಮ ವಿಳಾಸಕ್ಕೇ ಬರುತ್ತದೆ.

ದೋಷವೆಲ್ಲ ತೋಟದವರದೆಂದು ನಾನು ಹೇಳುತ್ತಿಲ್ಲ. ಪಟ್ಟಣದ ಚರಂಡಿಗಳೂ ಹೊಳೆಯನ್ನೇ ಹುಡುಕಿಕೊಂಡು ಹೋಗುತ್ತವೆ. ರಸ್ತೆ ಕಾಮಗಾರಿಗೆಂದು ಗುಡ್ಡ ಅಗೆದ ಮಣ್ಣು ಮೀನಿನ ಕಿವಿರನ್ನೂ ಮೊಟ್ಟೆಯಿಡುವ ಜಲ್ಲಿಹಾಸನ್ನೂ ಮುಚ್ಚುತ್ತದೆ. ಬ್ಲೀಚಿಂಗ್ ಪುಡಿ ಹಾಕಿ, ತೋಟೆ ಸಿಡಿಸಿ ಮಡುವಿಗೆ ಮಡುವನ್ನೇ ಬರಿದು ಮಾಡುವವರೂ ಇದ್ದಾರೆ. 1974ರಲ್ಲಿಯೇ ಜಲಮಾಲಿನ್ಯ ತಡೆಯ ಕಾಯಿದೆ ಬಂತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಮಂಡಳಿಯೂ ಸ್ಥಾಪಿತವಾಯಿತು. ಆದರೆ ಬೆಟ್ಟದ ಪ್ರತಿಯೊಂದು ಹಳ್ಳಕ್ಕೂ ಸರ್ಕಾರ ಕಾವಲು ನಿಲ್ಲಲಾರದು. ಕಾವಲು ನಿಲ್ಲಬೇಕಾದುದು ಅಂತಃಕರಣ.

ಇಲ್ಲಿ ನಮ್ಮ ಪರಂಪರೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಾವು ಮಾಂಸಾಹಾರವನ್ನು ವರ್ಜಿಸಿದವರು. ಅದನ್ನು ಅಭಿಮಾನದಿಂದ ಹೇಳಿಕೊಳ್ಳುವವರು. ಗಾಳ ಹಾಕಿ ನಾಲ್ಕು ಮೀನು ಹಿಡಿದು ಮಕ್ಕಳಿಗೆ ಸಾರು ಮಾಡುವ ಬಡವನನ್ನು ಕಂಡು ಮುಖ ತಿರುಗಿಸುತ್ತೇವೆ. ಒಂದೇ ರಾತ್ರಿಯಲ್ಲಿ ಒಂದು ಹಳ್ಳದ ಸಕಲ ಜೀವರಾಶಿಯನ್ನು ಉಸಿರುಗಟ್ಟಿಸುವ ಕೊಳವೆ ನಮ್ಮ ಕಣದಿಂದಲೇ ಹೊರಟಿದ್ದರೆ, ಅಡುಗೆಮನೆಯ ಅಹಿಂಸೆಗೆ ಏನು ಅರ್ಥ? ಗಾಳ ಹಾಕುವವನಿಗೆ ಮುಂದಿನ ವರ್ಷವೂ ಹಳ್ಳದಲ್ಲಿ ಮೀನಿರಬೇಕು. ನಮಗೆ ಆ ಅಗತ್ಯವೂ ಇಲ್ಲ. ನಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳನ್ನು ಜನ ದೇವರವೆಂದು ಕಾಪಾಡಿಕೊಂಡು ಬಂದಿದ್ದಾರೆ. ಘಟ್ಟದ ಕೆಳಗಿನ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ದೇವರ ಮೀನುಗಳನ್ನು ಕೊಂದಾಗ ಊರವರು ಅವಕ್ಕೆ ಸ್ಮಾರಕವನ್ನೇ ನಿಲ್ಲಿಸಿದರು. ದೇವಸ್ಥಾನದ ಮುಂದಿನ ಮೀನಿಗೆ ಒಂದು ನ್ಯಾಯ, ತೋಟದ ಹಿಂದಿನ ಮೀನಿಗೆ ಇನ್ನೊಂದು ನ್ಯಾಯ ಇರಲಾಗದು.

ಬೆಳೆಗಾರ ಮಹನೀಯರ ಕಷ್ಟವನ್ನು ನಾನು ಅರಿಯದವನಲ್ಲ. ಬೆಲೆ ಏರಿಳಿಯುತ್ತದೆ, ಆಳು ಸಿಗರು, ಕಾಂಡಕೊರಕ ಬಿಡದು. ಆದರೆ ಪರಿಹಾರಗಳು ಕೈಗೆಟುಕದಂಥವಲ್ಲ. ಕಡಿಮೆ ನೀರು ಬಳಸುವ ಪಲ್ಪರುಗಳು ಬಂದಿವೆ. ತೊಳೆದ ನೀರನ್ನೇ ಮತ್ತೆ ಬಳಸಬಹುದು. ಉಳಿದುದನ್ನು ಹಳ್ಳದಿಂದ ದೂರದ ಹೊಂಡದಲ್ಲಿ ನಿಲ್ಲಿಸಿ, ಸುಣ್ಣದಿಂದ ಹುಳಿಯನ್ನು ಶಮನಗೊಳಿಸಿ, ಕೊಳೆಯಿಸಿ, ಗಾಳಿಯಾಡಿಸಿ, ತೋಟಕ್ಕೇ ಹಾಯಿಸಬಹುದು. ಸಿಪ್ಪೆ ಒಳ್ಳೆಯ ಗೊಬ್ಬರ. ಅನೇಕ ತೋಟಗಳಲ್ಲಿ ಇದು ಈಗಾಗಲೇ ನಡೆದಿದೆ. ಅಂಥವರಿಗೆ ನನ್ನ ನಮಸ್ಕಾರ. ಸಣ್ಣ ಹಿಡುವಳಿದಾರರಿಗೆ ಒಬ್ಬೊಬ್ಬರೇ ಹೊಂಡ ತೋಡುವುದು ಭಾರವಾದರೆ ನಾಲ್ಕು ಮನೆಯವರು ಕೂಡಿ ಒಂದು ಪಲ್ಪರ್, ಒಂದು ಹೊಂಡ ಮಾಡಿಕೊಳ್ಳಬಹುದು. ಇಲ್ಲವೇ ಚೆರ್ರಿಯಾಗಿ ಒಣಗಿಸಬಹುದು.

ಪರರಿಗೆ ಉಪದೇಶಿಸುವ ಮುನ್ನ ನಮ್ಮ ಅಂಗಳವನ್ನು ನೋಡಿಕೊಳ್ಳಬೇಕಷ್ಟೆ. ನಮ್ಮ ದಾಸೋಹದ ಮನೆಯ, ವಿದ್ಯಾರ್ಥಿನಿಲಯದ ಬಚ್ಚಲ ನೀರೂ ಅದೇ ಹಳ್ಳಕ್ಕೆ ಇಳಿಯುತ್ತದೆ. ಆದಕಾರಣ ಆಡಳಿತ ಮಂಡಲಿಯವರಲ್ಲಿ ನನ್ನ ಪ್ರಾರ್ಥನೆ ಇದು: ಮುಂದಿನ ಕಟ್ಟಡಕ್ಕೆ ಅಡಿಗಲ್ಲು ಇಡುವ ಮೊದಲು ಈ ನೀರಿಗೊಂದು ಇಂಗುಗುಂಡಿಯನ್ನೂ ಶುದ್ಧೀಕರಣದ ತೊಟ್ಟಿಯನ್ನೂ ಕಟ್ಟಿಸಬೇಕು. ಅಧ್ಯಾಪಕ ಬಂಧುಗಳು ತಿಂಗಳಿಗೊಮ್ಮೆ ಮಕ್ಕಳನ್ನು ಹಳ್ಳಕ್ಕೆ ಕರೆದೊಯ್ದು ನೀರಿನ ಹುಳಿಯನ್ನು ಅಳೆಯಿಸಿ, ಕಲ್ಲಿನಡಿಯ ಜೀವಿಗಳನ್ನು ಎಣಿಸಿ ಶಾಲೆಯ ಪುಸ್ತಕದಲ್ಲಿ ಬರೆಯಿಸಬೇಕು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆದ ಮಹನೀಯರು ತಮ್ಮ ಕಣದ ನೀರನ್ನು ಹಳ್ಳಕ್ಕೆ ಬಿಡುವುದಿಲ್ಲವೆಂದು ಸಂಕಲ್ಪಿಸಿದರೆ ಅದನ್ನೂ ಒಂದು ದಾನವೆಂದು ಬಗೆದು, ರೂಪಾಯಿಗಳನ್ನು ಬರೆಯುವ ಅದೇ ಫಲಕದಲ್ಲಿ ಬರೆಯಬೇಕು.

ಅಂದು ಬಾಗಿಲಲ್ಲಿ ನಿಂತಿದ್ದ ಹುಡುಗ ಈಗ ಎಲ್ಲಿರುವನೋ ತಿಳಿಯದು. ಈ ಸಂಚಿಕೆ ಅವನ ಕೈ ಸೇರಿದರೆ, ಅಂದು ತಪ್ಪಿದ್ದು ಅವನದಲ್ಲ, ನನ್ನದೆಂದು ತಿಳಿಯಲಿ. ಶ್ಲೇಷೆಯ ಪಾಠವನ್ನು ನಾನು ಇಂದಿಗೂ ಮಾಡುತ್ತೇನೆ. ಆದರೆ ನೀರಿಗೆ ವಿಷವೆಂಬ ಹೆಸರೂ ಉಂಟೆಂದು ಹೇಳುವ ದಿನ ಮಕ್ಕಳನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ಹೇಳುತ್ತೇನೆ.