ರಿಪೇರಿ ಹಕ್ಕು ಬೇಡ ಎನ್ನುವವರಿಗೆ

ದುಡ್ಡು ಕೊಟ್ಟು ಕೊಂಡ ವಸ್ತು ಕೆಟ್ಟರೆ ಅದನ್ನು ಯಾರ ಕೈಲಿ ಸರಿಮಾಡಿಸಬೇಕು ಎಂಬುದನ್ನು ಕೊಂಡವರು ತೀರ್ಮಾನಿಸಬೇಕೋ, ಮಾರಿದ ಕಂಪನಿ ತೀರ್ಮಾನಿಸಬೇಕೋ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಒಂದು ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಉಪಕರಣ, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಲಾಯಿತು. ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಯಾವ ಫೋನನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಂಕ ಕೊಡುವ ಪದ್ಧತಿಯೊಂದನ್ನು 2025ರ ಮೇ ತಿಂಗಳಲ್ಲಿ ಮತ್ತೊಂದು ಸಮಿತಿ ಶಿಫಾರಸು ಮಾಡಿತು. ಆದರೆ ಪೋರ್ಟಲ್‌ಗೆ ಸೇರುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ಅಂಕವನ್ನೂ ಕಂಪನಿಯೇ ಘೋಷಿಸಿಕೊಳ್ಳಬೇಕು. ಬಿಡಿಭಾಗ ಕೊಡಲೇಬೇಕು, ಮಾಹಿತಿ ಕೊಡಲೇಬೇಕು ಎಂದು ಕಟ್ಟಿಹಾಕುವ ಕಾನೂನು ಮಾತ್ರ ಬಂದಿಲ್ಲ.

ಅಂಥ ಕಾನೂನು ಬೇಕು ಎಂದಾಗಲೆಲ್ಲ ಅದೇ ಕೆಲವು ಆಕ್ಷೇಪಗಳು ಎದುರಾಗುತ್ತವೆ. ಕಂಪನಿಗಳ ವಕ್ತಾರರು ಹೇಳುವುದನ್ನು ನಮ್ಮ ನಡುವಿನ ತಿಳಿದವರೂ ನಂಬಿಕೊಂಡು ಹೇಳುತ್ತಾರೆ. ಬೆಂಗಳೂರಿನ ಶಿವಾಜಿನಗರದ ಮೊಬೈಲ್ ಅಂಗಡಿಗಳು, ಗುಜರಿ ಸಾಲುಗಳು, ಹಲಸೂರಿನ ಮಿಕ್ಸಿ ರಿಪೇರಿಯವರು, ಕೆ.ಆರ್. ಪುರದ ಗ್ಯಾರೇಜುಗಳು ಇವೆಲ್ಲದರ ಅನ್ನದ ಪ್ರಶ್ನೆ ಇದರಲ್ಲಿದೆ. ಹಾಗಾಗಿ ಒಂದೊಂದು ಆಕ್ಷೇಪಕ್ಕೂ ಬಿಡಿಯಾಗಿ ಉತ್ತರ ಕೊಡಬೇಕಾಗಿದೆ.

ಆಕ್ಷೇಪ 1: ಬೀದಿಯ ರಿಪೇರಿಯವರ ಕೈಗೆ ಕೊಟ್ಟರೆ ಬ್ಯಾಟರಿ ಸಿಡಿದೀತು

ಲಿಥಿಯಂ ಬ್ಯಾಟರಿ ಅಪಾಯಕಾರಿ, ನಿಜ. ಆದರೆ ಜಗತ್ತಿಗೆಲ್ಲ ಗೊತ್ತಾದ ಬ್ಯಾಟರಿ ಅನಾಹುತ ಯಾವ ಬೀದಿಯಲ್ಲೂ ಹುಟ್ಟಿದ್ದಲ್ಲ. 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಂಡಾಗ ಕಂಪನಿ ಅವನ್ನು ವಾಪಸ್ ಪಡೆದು ಬದಲಿ ಫೋನು ಕೊಟ್ಟಿತು. ಆ ಬದಲಿ ಫೋನುಗಳೂ ಹೊತ್ತಿಕೊಂಡವು. ಬ್ಯಾಟರಿ ತಯಾರಿಕೆಯಲ್ಲೇ ದೋಷವಿತ್ತು ಎಂದು 2017ರ ಜನವರಿಯಲ್ಲಿ ಕಂಪನಿಯೇ ಹೇಳಿತು. ಹೊರಗಿನವರು ಮುಟ್ಟುವುದೇ ಅಪಾಯಕ್ಕೆ ಮೂಲ ಎಂಬ ಮಾತಿಗೆ ಇದರಲ್ಲಿ ಆಧಾರವಿಲ್ಲ.

ಇನ್ನು ಬೀದಿಯ ಅಂಗಡಿಯಲ್ಲಿ ಅಪಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಶಿವಾಜಿನಗರದ ಒಂದು ಅಂಗಡಿಯಲ್ಲಿ ನಿಂತು ನೋಡಿದ್ದೇನೆ. ಗಿರಾಕಿಯ ಫೋನಿನ ಬ್ಯಾಟರಿ ಊದಿಕೊಂಡು ಪರದೆಯನ್ನು ಮೇಲಕ್ಕೆತ್ತಿತ್ತು. ಹುಡುಗ ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು ಅಂಟು ಸಡಿಲಿಸಿದ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಪರದೆ ಬಿಡಿಸಿದ, ಹಳೆ ಬ್ಯಾಟರಿಯನ್ನು ಹೊರತೆಗೆದ. ಹೊಸದನ್ನು ಕೂರಿಸಿ ಮುಚ್ಚಿದ್ದರೆ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಫೋನಿನ ಸಾಫ್ಟ್‌ವೇರ್ ಹಳೆ ಬ್ಯಾಟರಿಯ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ. ಹೊಸದನ್ನು ಹಾಕಿದರೆ ಅಸಲಿಯಲ್ಲ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದು ಕೂರುತ್ತದೆ, ಗಿರಾಕಿ ಅಂಗಡಿಯವನ ಮೇಲೆ ಸಂಶಯ ಪಡುತ್ತಾನೆ. ಅದನ್ನು ತಪ್ಪಿಸಲು ಹುಡುಗ ಹಳೆ ಬ್ಯಾಟರಿಯ ತುದಿಯಲ್ಲಿದ್ದ ಬೆರಳಗಲದ ಸರ್ಕ್ಯೂಟ್ ಪಟ್ಟಿಯನ್ನು ಕತ್ತರಿಸಿ, ಹೊಸ ಸೆಲ್ಲಿಗೆ ಸ್ಪಾಟ್ ವೆಲ್ಡಿಂಗ್ ಮಾಡಿ ಕೂಡಿಸಿದ. ಇಡೀ ಕೆಲಸದಲ್ಲಿ ಅನಗತ್ಯವಾಗಿ ಸೇರಿಕೊಂಡ ಅಪಾಯದ ಹೆಜ್ಜೆ ಅದು. ಆ ಹೆಜ್ಜೆ ಇಡಲೇಬೇಕಾದ ಸ್ಥಿತಿ ತಂದದ್ದು ಕಂಪನಿಯ ಬೀಗ. ಕಂಪನಿ ಅಸಲಿ ಬ್ಯಾಟರಿಯನ್ನು ಅಂಗಡಿಗೂ ಮಾರಿ, ಅದನ್ನು ಫೋನಿಗೆ ಪರಿಚಯಿಸುವ ಸಾಫ್ಟ್‌ವೇರನ್ನೂ ಕೊಟ್ಟಿದ್ದರೆ ಸೆಲ್ಲಿಗೆ ಯಾರೂ ವೆಲ್ಡಿಂಗ್ ಮಾಡುತ್ತಿರಲಿಲ್ಲ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರ ಮೇ ತಿಂಗಳಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಕಂಪನಿಗಳ ಈ ಸಮರ್ಥನೆಗಳನ್ನೆಲ್ಲ ಪರಿಶೀಲಿಸಿದೆ. ರಿಪೇರಿಗೆ ಹಾಕಿದ ನಿರ್ಬಂಧಗಳನ್ನು ಸಮರ್ಥಿಸುವ ಪುರಾವೆ ತೀರಾ ಅತ್ಯಲ್ಪ ಎಂಬುದೇ ಅದರ ತೀರ್ಮಾನ.

ಆಕ್ಷೇಪ 2: ಅವರಿಗೆ ತರಬೇತಿ ಇಲ್ಲ, ಇಂದಿನ ತಂತ್ರಜ್ಞಾನ ಜಟಿಲ

ಕೈಪಿಡಿ ಕೊಡದವರು ತಿಳಿವಳಿಕೆ ಇಲ್ಲ ಎಂದು ದೂರುವುದು ನ್ಯಾಯವಲ್ಲ. ಶಿವಾಜಿನಗರದ ಹುಡುಗರು ಮೈಕ್ರೋಸ್ಕೋಪಿನ ಕೆಳಗೆ ಬೋರ್ಡಿಟ್ಟು, ಕೂದಲೆಳೆಯಂಥ ತಂತಿಯಿಂದ ಜಂಪರ್ ಹಾಕುತ್ತಾರೆ, ಚಾರ್ಜಿಂಗ್ ಐಸಿ ಬಿಚ್ಚಿ ಬದಲಿಸುತ್ತಾರೆ. ಸರ್ವೀಸ್ ಸೆಂಟರಿನವರು ಬೋರ್ಡೇ ಹೋಗಿದೆ, ಇಡೀ ಬೋರ್ಡ್ ಬದಲಿಸಬೇಕು ಎಂದು ಕಳಿಸಿದ ಫೋನು ಇಲ್ಲಿ ಒಂದು ಬಿಡಿಭಾಗದಲ್ಲಿ ಎದ್ದು ಕೂರುತ್ತದೆ. ಉರ್ದು, ತಮಿಳು, ಕನ್ನಡ ಮೂರರಲ್ಲೂ ವ್ಯವಹರಿಸುವ ಈ ಹುಡುಗರು ವಿದ್ಯೆ ಕಲಿತದ್ದು ಉಸ್ತಾದರ ಪಕ್ಕ ಕೂತು. ಸರ್ಕ್ಯೂಟ್ ನಕ್ಷೆ ಸಿಕ್ಕರೆ, ಅದರ ವಿವರಣೆ ಕನ್ನಡದಲ್ಲೂ ಸಿಕ್ಕರೆ ಅವರ ಕೆಲಸ ಇನ್ನಷ್ಟು ನಿಖರವಾಗುತ್ತದೆ.

ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ದೂರವಾಣಿ ಕಾರ್ಖಾನೆ ಐಟಿಐ ಶುರುವಾಯಿತು. ಒಂದು ಕಾಲದ ಕಪ್ಪು ಡಯಲ್ ಫೋನು ಅಲ್ಲಿ ತಯಾರಾಗುತ್ತಿತ್ತು. ಅದರ ರಿಸೀವರಿನ ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದಿತ್ತು. ಲೈನ್‌ಮನ್ ಒಂದು ಸ್ಕ್ರೂಡ್ರೈವರ್ ಹಿಡಿದು ಬಂದು ಜಗಲಿಯಲ್ಲೇ ಕೂತು ಸರಿಮಾಡಿ ಹೋಗುತ್ತಿದ್ದ. ಬಿಚ್ಚಲು ಬರುವಂತೆ ಮಾಡಬೇಕು ಎಂದು ತಯಾರಿಸುವವರು ಮನಸ್ಸು ಮಾಡಿದರೆ ಆಗುತ್ತದೆ. ಜಟಿಲತೆ ಹೆಚ್ಚಿದಷ್ಟೂ ಮಾಹಿತಿ ಹಂಚುವ ಹೊಣೆಯೂ ಹೆಚ್ಚಬೇಕು.

ಆಕ್ಷೇಪ 3: ಸಾಫ್ಟ್‌ವೇರ್ ಬೀಗ ಮುರಿಯುವುದು ಕೃತಿಸ್ವಾಮ್ಯದ ಉಲ್ಲಂಘನೆ

ಇದು ಅತ್ಯಂತ ಹೆಚ್ಚು ಹೆದರಿಸುವ ವಾದ. ಅಮೆರಿಕದಿಂದ ಎರವಲು ತಂದ ವಾದವೂ ಹೌದು. ಅಲ್ಲಿ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ ಬೀಗ ಮುರಿಯುವುದನ್ನೇ ತಪ್ಪೆಂದು ಬಗೆಯುತ್ತದೆ. ಯಾವುದಕ್ಕೆ ವಿನಾಯಿತಿ ಎಂಬುದನ್ನು ಮೂರು ವರ್ಷಕ್ಕೊಮ್ಮೆ ಕೇಳಿ ಪಡೆಯಬೇಕು.

ನಮ್ಮ ಕಾನೂನು ಹಾಗಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು 65ಎ ಎಂಬ ಕಲಮು ಸೇರಿಸಿದರು. ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಶಿಕ್ಷೆ, ದಂಡ ಅದರಲ್ಲಿದೆ. ಆದರೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಅದು ಅಪರಾಧ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡಿದ ಕೆಲಸಕ್ಕೆ ಈ ಕಲಮು ಅಡ್ಡಿಯಲ್ಲ ಎಂದು ಅದೇ ಕಲಮಿನಲ್ಲಿ ಬರೆದಿದೆ. ಪರದೆ ಬದಲಿಸುವವನು ಯಾರ ಸಾಫ್ಟ್‌ವೇರನ್ನೂ ನಕಲು ಮಾಡಿ ಮಾರುತ್ತಿಲ್ಲ, ಯಾರ ಹಾಡನ್ನೂ ಸಿನಿಮಾವನ್ನೂ ಕದಿಯುತ್ತಿಲ್ಲ.

52ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿರುವವರು ಅದನ್ನು ಯಾವ ಕೆಲಸಕ್ಕೆ ಕೊಟ್ಟಿದ್ದಾರೋ ಆ ಕೆಲಸಕ್ಕೆ ಬಳಸಲು ಪ್ರತಿ ಮಾಡಿಕೊಳ್ಳಬಹುದು, ಮಾರ್ಪಡಿಸಿಕೊಳ್ಳಬಹುದು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಬಹುದು, ಬೇರೆ ಪ್ರೋಗ್ರಾಮಿನ ಜೊತೆ ಹೊಂದಿಸಲು ಬೇಕಾದ ಮಾಹಿತಿ ಪಡೆಯಬಹುದು. ನಮ್ಮ ಸಂಸತ್ತು ಯೋಚಿಸಿ ಉಳಿಸಿಟ್ಟ ಜಾಗಗಳಿವು. ಕೃತಿಸ್ವಾಮ್ಯ ಇರುವುದು ಬರೆದವರ, ಹಾಡಿದವರ, ಪ್ರೋಗ್ರಾಂ ರಚಿಸಿದವರ ದುಡಿಮೆಯನ್ನು ಕಾಯಲು. ಅದನ್ನು ಬ್ಯಾಟರಿಗೂ ಪರದೆಗೂ ಕಾವಲಿಡುವುದು ಮನೆ ಮಾರಿದವನು ಬೀಗದ ಕೈ ತನ್ನ ಸೊಂಟದಲ್ಲೇ ಉಳಿಸಿಕೊಂಡ ಹಾಗೆ.

ಆಕ್ಷೇಪ 4: ಬಿಡಿಭಾಗ ನಮ್ಮ ಬೌದ್ಧಿಕ ಆಸ್ತಿ, ಹೊರಗೆ ಬಿಚ್ಚಿಸಿದರೆ ವಾರಂಟಿ ರದ್ದು

ಈ ವಾದವನ್ನು ಭಾರತೀಯ ಸ್ಪರ್ಧಾ ಆಯೋಗ ಕೇಳಿ, ತಳ್ಳಿಹಾಕಿ ಹತ್ತು ವರ್ಷ ದಾಟಿದೆ. ಕಾರು ಕಂಪನಿಗಳು ಅಸಲಿ ಬಿಡಿಭಾಗವನ್ನೂ ದೋಷ ಪತ್ತೆ ಮಾಡುವ ಉಪಕರಣವನ್ನೂ ಹೊರಗಿನ ಗ್ಯಾರೇಜಿಗೆ ಕೊಡುತ್ತಿಲ್ಲ ಎಂದು 2011ರಲ್ಲಿ ಶಂಶೇರ್ ಕಟಾರಿಯಾ ದೂರು ಕೊಟ್ಟರು. ಕಂಪನಿಗಳು ಸುರಕ್ಷತೆಯ ಮಾತನ್ನೂ ಬೌದ್ಧಿಕ ಆಸ್ತಿಯ ಮಾತನ್ನೂ ಮುಂದಿಟ್ಟವು. 2014ರ ಆಗಸ್ಟ್ 25ರಂದು ಆಯೋಗ ಎರಡನ್ನೂ ಒಪ್ಪದೆ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ಉಪಕರಣ, ಮಾಹಿತಿ ಹೊರಗಿನವರಿಗೂ ಸಿಗಬೇಕು ಎಂದಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂದು ಹೇಳುವಂತಿಲ್ಲ, ಕೆಟ್ಟ ರಿಪೇರಿಯಿಂದ ಹಾನಿಯಾಗಿದ್ದರೆ ಅಷ್ಟಕ್ಕೆ ಮಾತ್ರ ರದ್ದು ಮಾಡಬಹುದು ಎಂದೂ ಹೇಳಿತು.

ಮೇಲ್ಮನವಿ ಹೋದದ್ದು ನಿಜ. ನಮ್ಮ ಬಿಡದಿಯ ಟೊಯೊಟಾ ಸೇರಿ ಮೂರು ಕಂಪನಿಗಳ ವಿಚಾರದಲ್ಲಿ ಮೇಲ್ಮನವಿ ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ದಂಡ ಇಳಿಸಿತು, ತಪ್ಪನ್ನು ಮಾತ್ರ ತಪ್ಪೆಂದೇ ಹೇಳಿತು. ಆಮೇಲೂ ವ್ಯಾಜ್ಯ ಕೋರ್ಟುಗಳಲ್ಲಿ ಎಳೆದಾಡಿತು. ಅದಕ್ಕೇ ಪ್ರತ್ಯೇಕ ಕಾನೂನು ಬೇಕು ಎನ್ನುವುದು. ಒಂದೊಂದು ವಲಯಕ್ಕೂ ಒಬ್ಬೊಬ್ಬ ಗ್ರಾಹಕ ಹತ್ತಾರು ವರ್ಷ ಹೋರಾಡಬೇಕಾದರೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಆಕ್ಷೇಪ 5: ಅಲ್ಲಿ ಸಿಗುವುದೆಲ್ಲ ನಕಲಿ ಮಾಲು, ಕದ್ದ ಮಾಲು

ಅಸಲಿ ಮಾಲು ಅಂಗಡಿಗೆ ಮಾರದಿದ್ದಾಗ ಅಲ್ಲಿ ಉಳಿಯುವುದು ಕಾಪಿ ಪರದೆ ಅಥವಾ ಇನ್ನೊಂದು ಫೋನಿನಿಂದ ಬಿಚ್ಚಿದ ಪರದೆ. ಶಿವಾಜಿನಗರದ ಅಂಗಡಿಯವರು ಗಿರಾಕಿಗೆ ‘ಕಾಪಿ ಹಾಕಲಾ, ಒರಿಜಿನಲ್ ಹಾಕಲಾ’ ಎಂದು ಮೊದಲೇ ಕೇಳುತ್ತಾರೆ. ಒರಿಜಿನಲ್ ನ್ಯಾಯವಾದ ಬೆಲೆಗೆ, ಬಿಲ್ಲಿನ ಸಮೇತ ಬಂದರೆ ಕಾಪಿಯನ್ನು ಕೇಳುವವರು ಎಷ್ಟು ಜನ ಉಳಿದಾರು? ಕಳ್ಳತನ ತಡೆಯಲು ಬೇರೆ ದಾರಿಯಿದೆ. 2023ರ ಮೇ ತಿಂಗಳಲ್ಲಿ ಬಂದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ ನಂಬರ್ ಕೊಟ್ಟು ಕಳೆದ ಫೋನನ್ನು ದೇಶದಾದ್ಯಂತ ಬ್ಲಾಕ್ ಮಾಡಿಸಬಹುದು. ಕಳ್ಳರನ್ನು ಹಿಡಿಯುವುದು ಪೊಲೀಸರ ಕೆಲಸ. ಅದರ ನೆಪದಲ್ಲಿ ಪ್ರಾಮಾಣಿಕ ಅಂಗಡಿಯವರೆಲ್ಲರನ್ನೂ ಕಟಕಟೆಯಲ್ಲಿ ನಿಲ್ಲಿಸುವುದು ಸಲ್ಲದು.

ಆಕ್ಷೇಪ 6: ನಿಮ್ಮ ಫೋಟೋ, ಬ್ಯಾಂಕ್ ವಿವರ ಸೋರಿಹೋದೀತು

ಭಯ ಸಕಾರಣ. ಆದರೆ ಕಂಪನಿಯ ಬೋರ್ಡು ತೂಗಿದ ಮಾತ್ರಕ್ಕೆ ಅದು ದೂರವಾಗುವುದಿಲ್ಲ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ್ಯಪಲ್‌ನ ಪರವಾಗಿ ರಿಪೇರಿ ಮಾಡುತ್ತಿದ್ದ ಕೇಂದ್ರದ ತಂತ್ರಜ್ಞರು ವಿದ್ಯಾರ್ಥಿನಿಯೊಬ್ಬಳ ಫೋನಿನಲ್ಲಿದ್ದ ಖಾಸಗಿ ಚಿತ್ರಗಳನ್ನು ಅವಳದೇ ಖಾತೆಯಿಂದ ಬಹಿರಂಗ ಮಾಡಿದರು. ಕೊನೆಗೆ ಪರಿಹಾರ ಕೊಟ್ಟು ರಾಜಿಯಾಯಿತು. ಇದಕ್ಕೆ ಪರಿಹಾರ ತಂತ್ರಜ್ಞಾನದಲ್ಲೇ ಇದೆ. ರಿಪೇರಿಗೆ ಕೊಡುವಾಗ ಖಾಸಗಿ ವಿವರವನ್ನೆಲ್ಲ ಮುಚ್ಚಿಡುವ ವ್ಯವಸ್ಥೆಯನ್ನು ಸ್ಯಾಮ್‌ಸಂಗ್ 2022ರಲ್ಲಿ, ಗೂಗಲ್ 2023ರಲ್ಲಿ ತಮ್ಮ ಫೋನುಗಳಿಗೆ ತಂದವು. ಅದು ಎಲ್ಲ ಫೋನುಗಳಲ್ಲೂ ಕಡ್ಡಾಯವಾಗಲಿ.

ಆಕ್ಷೇಪ 7: ತೆಳ್ಳಗಿನ, ನೀರು ಹೋಗದ ಫೋನು ಬೇಕೆಂದರೆ ಬಿಚ್ಚಲಾಗದಂತೆ ಅಂಟಿಸಲೇಬೇಕು

2014ರ ಗ್ಯಾಲಕ್ಸಿ ಎಸ್5 ಫೋನಿನ ಹಿಂಬದಿಯನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿ ತೆಗೆಯಬಹುದಿತ್ತು. ನೀರಿನಿಂದ ರಕ್ಷಣೆಯೂ ಅದಕ್ಕಿತ್ತು. ಈಗ ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಒದಗಿಸಬೇಕು. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ, ಬಿಡಿಭಾಗವನ್ನು ಸಾಫ್ಟ್‌ವೇರ್ ಮೂಲಕ ಒಂದೇ ಫೋನಿಗೆ ಗಂಟುಹಾಕಿ ಹೊರಗಿನ ರಿಪೇರಿ ತಡೆಯುವ ಪದ್ಧತಿಯನ್ನೇ ಕಾನೂನಿನಿಂದ ನಿಷೇಧಿಸಿತು. ಅಲ್ಲಿ ಈ ನಿಯಮಕ್ಕೆ ತಲೆಬಾಗುವ ಕಂಪನಿಗಳೇ ಇಲ್ಲಿಯೂ ವ್ಯಾಪಾರ ಮಾಡುವುದು. ಅಲ್ಲಿ ಆಗುವುದು ಇಲ್ಲಿ ಆಗದು ಎಂದರೆ ನಂಬಲು ನಾವು ಸಿದ್ಧರಿಲ್ಲ.

ಆಕ್ಷೇಪ 8: ಹಳೆಯದಕ್ಕೆ ಯಾಕಿಷ್ಟು ಪಾಡು, ಹೊಸದು ತಗೊಂಡರಾಯಿತು

ಇಂದಿರಾನಗರದ 100 ಅಡಿ ರಸ್ತೆಯ ಹೋಟೆಲುಗಳ ಮುಂದೆ ಆರ್ಡರಿಗಾಗಿ ಕಾದು ನಿಂತ ಡೆಲಿವರಿ ಹುಡುಗರನ್ನು ನೋಡಿ. ಅವರಿಗೆ ಆರ್ಡರ್ ಬರುವುದೂ, ದಾರಿ ತಿಳಿಯುವುದೂ, ದುಡ್ಡು ಕೈ ಸೇರುವುದೂ ಫೋನಿನಲ್ಲಿ. ಸರ್ವೀಸ್ ಸೆಂಟರಿನಲ್ಲಿ ‘ಬಿಟ್ಟು ಹೋಗಿ, ಪಾರ್ಟ್ ಬಂದಮೇಲೆ ಫೋನ್ ಮಾಡ್ತೀವಿ’ ಎಂದರೆ ಅಷ್ಟೂ ದಿನ ಸಂಪಾದನೆ ಖೋತಾ. ಶಿವಾಜಿನಗರದಲ್ಲಿ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಚಾರ್ಜಿಂಗ್ ಜ್ಯಾಕ್ ಬದಲಾಗಿರುತ್ತದೆ. ಹೊಸ ಫೋನೆಂದರೆ ಅವರಿಗೆ ಹೊಸ ಸಾಲ, ಹೊಸ ಕಂತು.

ಇನ್ನು ಬಿಸಾಡಿದ್ದು ಎಲ್ಲಿ ಹೋಗುತ್ತದೆ? ವಿಶ್ವಸಂಸ್ಥೆಯ ಸಂಸ್ಥೆಗಳ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಮರುಬಳಕೆ ಘಟಕ ಎಷ್ಟೇ ಚೆನ್ನಾಗಿದ್ದರೂ ಒಂದು ಫೋನನ್ನು ಇನ್ನೆರಡು ವರ್ಷ ಬಳಸುವುದಕ್ಕೆ ಸಮವಲ್ಲ. ಹಳೆ ಫೋನುಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನ ಮಾಡಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಹಳತಾದಾಗ ಫೋನು ದಿಢೀರನೆ ಆಫ್ ಆಗದಿರಲಿ ಎಂದು ಹಾಗೆ ಮಾಡಿದೆವು ಎಂಬುದು ಕಂಪನಿಯ ವಿವರಣೆ. ಬ್ಯಾಟರಿ ಬದಲಿಸಿದರೆ ಸಾಕು ಎಂಬ ಮಾತು ಮೊದಲೇ ತಿಳಿದಿದ್ದರೆ ಎಷ್ಟೋ ಜನ ಹೊಸ ಫೋನು ಕೊಳ್ಳುತ್ತಿರಲಿಲ್ಲ. ರಿಪೇರಿಯ ಮಾಹಿತಿ ಬಚ್ಚಿಟ್ಟರೆ ನಷ್ಟ ಯಾರಿಗೆ ಎಂಬುದು ಇದರಿಂದ ತಿಳಿಯುತ್ತದೆ.

ನಾವು ಕೇಳುತ್ತಿರುವುದು ಯಾರ ಲಾಭವನ್ನೂ ಕಿತ್ತುಕೊಳ್ಳುವಂಥದ್ದಲ್ಲ. ಅಸಲಿ ಬಿಡಿಭಾಗವನ್ನು ನ್ಯಾಯವಾದ ಬೆಲೆಗೆ ಎಲ್ಲ ರಿಪೇರಿಯವರಿಗೂ ಮಾರಿ. ಸರ್ಕ್ಯೂಟ್ ನಕ್ಷೆಯನ್ನೂ ಕೈಪಿಡಿಯನ್ನೂ ಕನ್ನಡ ಸೇರಿದಂತೆ ಜನರ ಭಾಷೆಗಳಲ್ಲಿ ಕೊಡಿ. ಬಿಡಿಭಾಗಕ್ಕೆ ಸಾಫ್ಟ್‌ವೇರ್ ಬೀಗ ಹಾಕಬೇಡಿ. ಹೊರಗೆ ಬಿಚ್ಚಿದರೆಂಬ ಒಂದೇ ಕಾರಣಕ್ಕೆ ವಾರಂಟಿ ತೆಗೆಯಬೇಡಿ. ಅಂಕವನ್ನು ಸ್ವತಂತ್ರ ಸಂಸ್ಥೆ ಕೊಡಲಿ. ಈ ಐದನ್ನೂ ಸಂಸತ್ತು ಕಾನೂನಿನಲ್ಲಿ ಬರೆಯಬೇಕು. ಕರ್ನಾಟಕದ ಸಂಸದರು ಅದಕ್ಕಾಗಿ ದನಿಯೆತ್ತಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬಿಡಿಭಾಗ ಕೊಡಲು ನಿರಾಕರಿಸಿದರೆ, ವಾರಂಟಿ ಅನ್ಯಾಯವಾಗಿ ರದ್ದಾದರೆ ಲಿಖಿತ ಉತ್ತರ ಕೇಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಕಾರು ಕಂಪನಿಗಳ ಪ್ರಕರಣ ಶುರುವಾದದ್ದು ಒಬ್ಬ ಗ್ರಾಹಕ ಬರೆದ ದೂರಿನಿಂದ. ಫೋನಿನ ವಿಷಯದಲ್ಲಿ ಅಂಥ ದೂರುಗಳು ಸಾವಿರವಾದರೆ ಕಾನೂನು ಬೇಡ ಎನ್ನುವವರ ವಾದ ತಾನಾಗಿ ಸೋಲುತ್ತದೆ.